ಶ್ವಾನಪಕ್ಷಪಾತಿ

ಬೆಂಗಳೂರಿನ ಅಪಾರ್ಟ್‌ಮೆಂಟ್ ಬದುಕು ಸೃಷ್ಟಿಸಿರುವ ಮಾನವ ಪ್ರಭೇದಗಳಲ್ಲಿ, ಅಧ್ಯಯನಕ್ಕೆ ಎಲ್ಲ ರೀತಿಯಿಂದಲೂ ಅರ್ಹವಾಗಿದ್ದರೂ ವಿದ್ವಾಂಸರ ಕಣ್ಣಿಗೆ ಬೀಳದೆ ಉಳಿದಿರುವ ಪ್ರಭೇದವೆಂದರೆ ಶ್ವಾನಪಕ್ಷಪಾತಿ. ನಾಯಿ ಸಾಕುವವರೆಲ್ಲರೂ ಈ ವರ್ಗಕ್ಕೆ ಸೇರುವುದಿಲ್ಲ. ದುಬಾರಿ ಬೆಲೆಗೆ ಲ್ಯಾಬ್ರಡಾರ್ ಕೊಂಡು ತಂದು, ಅದನ್ನು ಬೆಳಗಿನ ತಿರುಗಾಟಕ್ಕೆ ಕೆಲಸದ ಹುಡುಗನ ಕೈಗೊಪ್ಪಿಸುವವರು ಕೇವಲ ಮಾಲೀಕರು. ಯಾರಿಗೂ ಸೇರದ ಬೀದಿನಾಯಿಗೆ ಬ್ರೌನಿ ಎಂದು ನಾಮಕರಣ ಮಾಡಿ, ಎರಡು ಹೊತ್ತು ಅನ್ನವಿಕ್ಕಿ, ನಿವಾಸಿಗಳ ಸಂಘದ ಸಭೆಯಲ್ಲಿ ಅದರ ಪರವಾಗಿ ವಕಾಲತ್ತು ವಹಿಸುವವರು ಮಾತ್ರ ಈ ಬಿರುದಿಗೆ ಪಾತ್ರರು.

ಶ್ವಾನಪಕ್ಷಪಾತಿಯು ಹುಟ್ಟಿನಿಂದ ಕಾನೂನು ಪಂಡಿತನಲ್ಲ. ನಾಯಿಗಳಿಗೆ ಅನ್ನ ಹಾಕಕೂಡದೆಂಬ ಸೂಚನೆಯನ್ನು ಸಂಘದವರು ಲಿಫ್ಟಿನೊಳಗೆ ಅಂಟಿಸುವವರೆಗೆ ಆತನಿಗೆ ಗೊತ್ತಿದ್ದ ಕಾನೂನೆಂದರೆ ಆದಾಯ ತೆರಿಗೆಯದಷ್ಟೇ. ಅಂಟಿಸಿದ ವಾರದೊಳಗೆ, ಪ್ರಾಣಿಗಳ ಬಗ್ಗೆ ದಯೆ ತೋರುವುದು ಪ್ರಜೆಯ ಮೂಲಭೂತ ಕರ್ತವ್ಯವೆನ್ನುವ ಸಂವಿಧಾನದ 51ಎ(ಜಿ) ವಿಧಿಯಿಂದ ಹಿಡಿದು, 1960ರ ಪ್ರಾಣಿಹಿಂಸೆ ತಡೆ ಕಾಯ್ದೆ, ನೃತ್ಯಕ್ಷೇತ್ರದಲ್ಲಿ ಹೆಸರಾಗಿದ್ದ ರುಕ್ಮಿಣಿದೇವಿ ಅರುಂಡೇಲ್ ಅವರ ನೇತೃತ್ವದಲ್ಲಿ 1962ರಲ್ಲಿ ಆರಂಭವಾದ ಪ್ರಾಣಿ ಕಲ್ಯಾಣ ಮಂಡಳಿ, 2023ರ ಎಬಿಸಿ ನಿಯಮಾವಳಿಯವರೆಗೆ ಎಲ್ಲವೂ ಕಂಠಪಾಠವಾಗಿರುತ್ತದೆ. ಎಬಿಸಿ ಎಂದರೆ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಚುಚ್ಚಿ, ಗುರುತಿಗಾಗಿ ಕಿವಿಯ ತುದಿ ಕತ್ತರಿಸಿ, ಹಿಡಿದ ಜಾಗದಲ್ಲೇ ಮರಳಿ ಬಿಡುವ ವ್ಯವಸ್ಥೆ. ಇಷ್ಟೆಲ್ಲ ಓದಿಕೊಂಡಿರುವ ಆತ ಒಂದು ಅಂಶವನ್ನು ಮಾತ್ರ ಸಭೆಯಲ್ಲಿ ಎತ್ತುವುದಿಲ್ಲ: 1960ರ ಕಾಯ್ದೆಯ ಪ್ರಕಾರ ಮೊದಲ ಬಾರಿಯ ಕ್ರೌರ್ಯಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ, ಅಂದರೆ ಇಂದಿನ ದರ್ಶಿನಿಯಲ್ಲಿ ಮಸಾಲೆ ದೋಸೆಗೂ ಸಾಲದ ಮೊತ್ತ.

ಆತನ ಅಚ್ಚುಮೆಚ್ಚಿನ ಅಸ್ತ್ರ ಪಂಚ ಸ್ವಾತಂತ್ರ್ಯಗಳು. ಹಸಿವು ಬಾಯಾರಿಕೆ, ಅನನುಕೂಲ, ನೋವು ರೋಗ, ಭಯ ಸಂಕಟ ಇವುಗಳಿಂದ ಮುಕ್ತಿ, ಮತ್ತು ಸಹಜ ನಡವಳಿಕೆಗೆ ಅವಕಾಶ ಎಂಬ ಈ ಐದು ತತ್ತ್ವಗಳ ಬೇರು ಬ್ರಿಟನ್ನಿನಲ್ಲಿ ಸಾಕುಪ್ರಾಣಿಗಳ ಸ್ಥಿತಿಗತಿಯನ್ನು ಪರಿಶೀಲಿಸಿದ ಬ್ರಾಂಬೆಲ್ ಸಮಿತಿಯ 1965ರ ವರದಿಯಲ್ಲಿದ್ದು, ನಮ್ಮ ಸುಪ್ರೀಂ ಕೋರ್ಟ್ ಕೂಡ 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಇವುಗಳನ್ನು ಎತ್ತಿಹಿಡಿಯಿತು. ಮೊದಲ ನಾಲ್ಕರ ಬಗ್ಗೆ ಸಂಘದ ಕಾರ್ಯದರ್ಶಿಗೂ ತಕರಾರಿಲ್ಲ. ಹಾಲಿನ ಹುಡುಗನ ಬೈಕನ್ನು ಮುಂಜಾನೆ ಗೇಟಿನವರೆಗೆ ಅಟ್ಟಿಸಿಕೊಂಡು ಹೋಗುವುದು ಐದನೆಯದರಲ್ಲಿ ಸೇರುತ್ತದೆಯೇ ಎಂಬುದಷ್ಟೇ ಅವರ ವಿನಮ್ರ ಪ್ರಶ್ನೆ.

ಶ್ವಾನಪಕ್ಷಪಾತಿಯ ತಾತ್ತ್ವಿಕ ನಿಲುವನ್ನು ಅರಿಯಲು ಸಭೆಗಿಂತ ಆತನ ಬಾಲ್ಕನಿಯೇ ಉತ್ತಮ ಆಕರ. ಈರುಳ್ಳಿ ಬೆಳ್ಳುಳ್ಳಿಯೂ ಒಳಹೋಗದ ಅಡುಗೆಮನೆಯ ಹಿಂಬದಿಯಲ್ಲಿ, ಬಟ್ಟೆ ಒಣಗುವ ತಂತಿಯ ಕೆಳಗೆ, ಒಂದು ಇಂಡಕ್ಷನ್ ಒಲೆಯೂ ಬೇರೆ ಯಾರೂ ಮುಟ್ಟಕೂಡದ ಹಳೆಯ ಕುಕ್ಕರೂ ಇರುತ್ತವೆ. ಮಾಂಸದಂಗಡಿಯಿಂದ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಮುಖ ಬೇರೆಡೆ ತಿರುಗಿಸಿಕೊಂಡು ತಂದ ಕೋಳಿಯ ಕಾಲು, ಕತ್ತುಗಳು ನುಚ್ಚಕ್ಕಿ ಮತ್ತು ಚಿಟಿಕೆ ಅರಿಶಿನದೊಂದಿಗೆ ಅದರಲ್ಲಿ ಆರು ಕೂಗು ಕೂಗುತ್ತವೆ. ಪ್ರಾಣಿಗಳ ಕುರಿತ ಚಿಂತನೆಯ ಎರಡು ಕವಲುಗಳು ಸೇರುವುದೂ ಸೆಣಸುವುದೂ ಈ ಕುಕ್ಕರಿನಲ್ಲೇ. ಮನುಷ್ಯನು ಪ್ರಾಣಿಯನ್ನು ಬಳಸಬಹುದು, ಆದರೆ ಅನಗತ್ಯವಾಗಿ ನೋಯಿಸಬಾರದು ಎನ್ನುವುದು ಕಲ್ಯಾಣವಾದ. ಪ್ರಾಣಿಯ ಬದುಕಿಗೆ ಅದರದೇ ಬೆಲೆಯಿರುವುದರಿಂದ ಅದನ್ನು ಸಾಧನವಾಗಿ ಬಳಸುವುದೇ ಸಲ್ಲದು ಎನ್ನುವುದು ಅಮೆರಿಕದ ಟಾಮ್ ರೀಗನ್ 1983ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ ಹಕ್ಕುವಾದ. ಶ್ವಾನಪಕ್ಷಪಾತಿಯು ಮಾತಿನಲ್ಲಿ ಸದಾ ಹಕ್ಕುವಾದಿ, ಆದರೆ ಆತನ ಹಕ್ಕುವಾದದಲ್ಲಿ ಕೋಳಿಗೆ ಸ್ಥಾನವಿಲ್ಲ. ಬ್ರೌನಿಯನ್ನು ಕೇಳದೆಯೇ ಅದರ ಗರ್ಭಕೋಶ ತೆಗೆಸಿ ಕಿವಿ ಕತ್ತರಿಸಿದ್ದು ಅದರ ಒಳಿತಿಗಾಗಿಯೇ ಹೊರತು ಹಕ್ಕಿಗಾಗಿಯಲ್ಲ. ಹಾಗೆಂದು ಆತನನ್ನು ನಗೆಗೀಡು ಮಾಡಿ ಮುಗಿಸುವುದು ಅನ್ಯಾಯವಾದೀತು, ಏಕೆಂದರೆ ಬ್ರೌನಿಯನ್ನು ತನ್ನ ಕಾರಿನ ಹಿಂದಿನ ಸೀಟಿನಲ್ಲೇ ಶಸ್ತ್ರಚಿಕಿತ್ಸೆಗೆ ಒಯ್ದು, ಅದು ಮಾಡಿಕೊಂಡ ವಾಂತಿಯನ್ನು ತಾನೇ ಒರೆಸಿದವನು ಆ ಇಡೀ ಸಮುಚ್ಚಯದಲ್ಲಿ ಆತನೊಬ್ಬನೇ.

ಕಂಬಳದ ವಿಷಯ ಬಂದಾಗ ಮಾತ್ರ ಆತ ಮೌನ ತಾಳುತ್ತಾನೆ. ಕೋಣಗಳನ್ನು ಕೆಸರುಗದ್ದೆಯಲ್ಲಿ ಓಡಿಸುವ ಕರಾವಳಿಯ ಈ ಕ್ರೀಡೆಗೆ ಅನುವು ಮಾಡಿಕೊಡಲು ಕರ್ನಾಟಕ ತಂದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2023ರ ಮೇ ತಿಂಗಳಲ್ಲಿ ಮಾನ್ಯ ಮಾಡಿದ್ದು ಒಂದು ಕಾರಣವಾದರೆ, ಹೆಂಡತಿಯ ತವರು ಮೂಡುಬಿದಿರೆಯ ಕಡೆಯದು ಎಂಬುದು ಅದಕ್ಕಿಂತ ಪ್ರಬಲವಾದ ಕಾರಣ.

ಎದುರು ಪಕ್ಷದ ಕಾರ್ಯದರ್ಶಿಯ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ನಿಂದ ಬದುಕುಳಿಯುವುದು ಅತ್ಯಂತ ವಿರಳವಾದ್ದರಿಂದ, ಚಿಕ್ಕ ಮಕ್ಕಳ ತಾಯಂದಿರ ಅಂಜಿಕೆಗೆ ಯಾವ ಸಂವಿಧಾನದ ವಿಧಿಯೂ ಉತ್ತರವಾಗದು. ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಸಾಗಿಸಬೇಕೆಂದು 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆದೇಶಿಸಿದಾಗ ಬೆಂಗಳೂರಿನ ಈ ಕಾರ್ಯದರ್ಶಿ ಎಲ್ಲರಿಗೂ ಮೈಸೂರುಪಾಕು ಹಂಚಿದ್ದರು. ಅದೇ 22ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಆದೇಶವನ್ನು ಮಾರ್ಪಡಿಸಿ, ರೇಬಿಸ್ ತಗುಲಿದ ಇಲ್ಲವೇ ಆಕ್ರಮಣಕಾರಿಯಾದ ನಾಯಿಗಳ ಹೊರತು ಉಳಿದವನ್ನು ಲಸಿಕೆ, ಚಿಕಿತ್ಸೆಗಳ ಬಳಿಕ ಮೂಲಸ್ಥಾನಕ್ಕೇ ಬಿಡಬೇಕು, ಅನ್ನವನ್ನು ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ ಹಾಕಬೇಕು ಎಂದಾಗ, ಶ್ವಾನಪಕ್ಷಪಾತಿ ಅದೇ ಅಂಗಡಿಯಿಂದ ಅರ್ಧ ಕಿಲೋ ಹೆಚ್ಚಿಗೆ ತರಿಸಿದ.

ಜಾಗ ಗೊತ್ತುಪಡಿಸುವ ಹೊಣೆಯನ್ನು 2023ರ ನಿಯಮಗಳು ಸಂಘದ ಮೇಲೆಯೇ ಹೊರಿಸಿವೆ. ಮಕ್ಕಳ ಆಟದ ಬಯಲು, ಮೆಟ್ಟಿಲು, ಒಳಬರುವ ಹೊರಹೋಗುವ ದಾರಿ ಇವೆಲ್ಲದರಿಂದ ಆ ಜಾಗ ದೂರವಿರಬೇಕೆಂಬ ನಿಬಂಧನೆಯನ್ನು ಅಕ್ಷರಶಃ ಪಾಲಿಸಿದರೆ ಇಡೀ ಸಮುಚ್ಚಯದಲ್ಲಿ ಉಳಿಯುವುದು ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿಯ ಹಿಂಭಾಗವೊಂದೇ. ಮೂರು ಸಭೆಗಳ ಚರ್ಚೆಯ ನಂತರ ಅದೇ ಅಂಗೀಕಾರವಾಯಿತು. ಬ್ರೌನಿಯು ಅಲ್ಲಿ ಊಟ ಮುಗಿಸಿ, ಆ ವಾಸನೆಯಲ್ಲಿ ಮಲಗಲೊಪ್ಪದೆ, ಆಗಷ್ಟೇ ಬಂದು ನಿಂತ ಕಾರ್ಯದರ್ಶಿಯ ಕಾರಿನ ಬೆಚ್ಚಗಿನ ಬಾನೆಟ್ಟನ್ನು ಆರಿಸಿಕೊಂಡಿದೆ; ಅದರ ಮೇಲೆ ಬಿದ್ದ ಉಗುರಿನ ಗೀರುಗಳ ಖರ್ಚನ್ನು ಯಾರ ಲೆಕ್ಕಕ್ಕೆ ಹಾಕಬೇಕೆಂಬುದು ನಿಯಮಾವಳಿಯಲ್ಲಿ ಇಲ್ಲವಾದ್ದರಿಂದ, ಆ ವಿಷಯವನ್ನು ಮುಂದಿನ ಸಭೆಗೆ ಕಾದಿರಿಸಲಾಗಿದೆ.