ಆಟೋ ಡೌನ್‌ಲೋಡ್ ಸಾಹೇಬರಿಗೊಂದು ಬಹಿರಂಗ ಪತ್ರ

ಮಾನ್ಯ ಆಟೋ ಡೌನ್‌ಲೋಡ್ ಸಾಹೇಬರಿಗೆ,

ತಾವು ಕ್ಷೇಮವಾಗಿದ್ದೀರೆಂದು ಫೋನಿನ ಸ್ಟೋರೇಜ್ ನೋಡಿದರೇ ತಿಳಿಯುತ್ತದೆ. ಊರೆಲ್ಲ ಮಲಗಿದ ಮೇಲೂ ದುಡಿಯುವವರು ತಾವೊಬ್ಬರೇ. ಬೆಳಗಾಗುವಷ್ಟರಲ್ಲಿ ರೋಮನ್ ಸಾಮ್ರಾಜ್ಯದ ಪತನ, ಮ್ಯೂಚುವಲ್ ಫಂಡು, ಕರುಳಿನ ಆರೋಗ್ಯ, ಕ್ರಿಕೆಟ್ ಹರಟೆ ಹೀಗೆ ಎಲ್ಲ ಪಾಡ್‌ಕಾಸ್ಟ್‌ಗಳ ಸಂಚಿಕೆಗಳನ್ನೂ ತಂದು ಪೇರಿಸಿರುತ್ತೀರಿ. ಇದನ್ನೆಲ್ಲ ಕೇಳುವವರು ಯಾರು ಎಂಬ ಕ್ಷುಲ್ಲಕ ಪ್ರಶ್ನೆ ತಮ್ಮ ಕರ್ತವ್ಯನಿಷ್ಠೆಗೆ ಎಂದೂ ಅಡ್ಡ ಬಂದದ್ದಿಲ್ಲ.

ತಮ್ಮದು ದೊಡ್ಡ ಮನೆತನ. 2000ದ ಕೊನೆಗೆ ಅಮೆರಿಕದ ಡೇವ್ ವೈನರ್, ಜಾಲತಾಣದಲ್ಲಿ ಹೊಸದಾಗಿ ಬಂದದ್ದರ ಪಟ್ಟಿಯಾದ ಆರ್‌ಎಸ್‌ಎಸ್ ಫೀಡಿನೊಳಗೆ ಆಡಿಯೋ ಫೈಲಿನ ವಿಳಾಸ ಸೇರಿಸಲು ಜಾಗ ಮಾಡಿಕೊಟ್ಟರು. 2004ರಲ್ಲಿ ಆಡಮ್ ಕರ್ರಿ, ಆ ಫೈಲು ತಾನಾಗಿ ಇಳಿದು ಐಪಾಡಿಗೆ ಸೇರುವಂತೆ ಪ್ರೋಗ್ರಾಮ್ ಬರೆದರು. ಇಂಟರ್‌ನೆಟ್ ತೆವಳುತ್ತಿದ್ದ ಕಾಲ. ರಾತ್ರಿಯಿಡೀ ಇಳಿದು ಬೆಳಗ್ಗೆ ಕೈಗೆ ಸಿಕ್ಕರೆ ಅದು ಪುಣ್ಯದ ಕೆಲಸವೇ ಆಗಿತ್ತು. ಈಗ ಬೆರಳು ಮುಟ್ಟಿಸಿದ ಕ್ಷಣ ಸಂಚಿಕೆ ಮಾತಾಡತೊಡಗುತ್ತದೆ. ಆದರೂ, ನಿವೃತ್ತರಾದ ಮೇಲೂ ದಿನಾ ಕಚೇರಿಗೆ ಬಂದು ಕೂರುವ ಹೆಡ್ ಗುಮಾಸ್ತರಂತೆ ತಾವು ರಾತ್ರಿ ಪಾಳಿ ಬಿಟ್ಟಿಲ್ಲ.

ತಮ್ಮ ಲೆಕ್ಕಪತ್ರ ಒಮ್ಮೆ ನೋಡೋಣವೇ? 128 ಕೆಬಿಪಿಎಸ್ ಎಂಪಿ3 ಆದರೆ ಒಂದು ಗಂಟೆಯ ಮಾತಿಗೆ ಸುಮಾರು 58 ಎಂಬಿ. ವಾರಕ್ಕೆ ಇಂಥದೊಂದು ಸಂಚಿಕೆ ಬಿಡುವ ಒಂದೇ ಕಾರ್ಯಕ್ರಮ ವರ್ಷಕ್ಕೆ 3 ಜಿಬಿ ನುಂಗುತ್ತದೆ. ಅಂಥ ಹತ್ತು ಕಾರ್ಯಕ್ರಮಗಳಿಗೆ ಚಂದಾ ಆಗಿ ಮರೆತವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕಾಸಿಲ್ಲದ ಚಂದಾ ನೋಡಿ, ಕೊಡುವಾಗ ಯಾರಿಗೂ ಕೈ ನಡುಗುವುದಿಲ್ಲ.

ಇದರ ಫಲ ಕಾಣುವುದು ನಾಮಕರಣದ ಮನೆಯಲ್ಲಿ. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಲು ಬಗ್ಗುತ್ತಾಳೆ, ಫೋಟೋ ತೆಗೆಯಬೇಕಾದವನ ಫೋನು ‘ಜಾಗ ಸಾಲದು’ ಎನ್ನುತ್ತದೆ. ಅವನು ಗಡಿಬಿಡಿಯಲ್ಲಿ ಕಳೆದ ವರ್ಷದ ಗೃಹಪ್ರವೇಶದ ವಿಡಿಯೋ ಅಳಿಸುತ್ತಾನೆ. ಕರುಳಿನ ಆರೋಗ್ಯದ ಅಷ್ಟೂ ಸಂಚಿಕೆಗಳು ಮಾತ್ರ ಸುರಕ್ಷಿತ!

ಹಾಗಂತ ತಾವು ಬೇಡವೆಂದಲ್ಲ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಸಿಗ್ನಲ್ ಕೈಕೊಟ್ಟಾಗ ಕಿವಿಗೆ ಆಸರೆಯಾಗುವುದು ಮೊದಲೇ ಇಳಿಸಿಟ್ಟದ್ದು ಮಾತ್ರ. ಆದರೆ ಆ ಹೊತ್ತಿಗೆ ಬೇಕಾದ ಸಂಚಿಕೆಯೊಂದೇ ‘ವೈಫೈಗಾಗಿ ಕಾಯುತ್ತಿದೆ’ ಎಂದು ಕೂತಿರುತ್ತದಲ್ಲ, ಸಾಹೇಬರೇ, ಈ ವಿದ್ಯೆ ಎಲ್ಲಿ ಕಲಿತಿರಿ?

ಸರಳ ಪ್ಲೇಯರುಗಳಲ್ಲಿ ತಾವು ಹೇಳಿದ ಮಾತು ಕೇಳುತ್ತೀರಿ, ಅದೊಂದು ಸಮಾಧಾನ. ಆಂಟೆನಾಪಾಡ್‌ನಂಥ ಮುಕ್ತ ತಂತ್ರಾಂಶದಲ್ಲಿ ಖಾತೆ ತೆರೆಯಬೇಕಿಲ್ಲ, ಲಾಗಿನ್ ಕಾಟವಿಲ್ಲ. ಚಂದಾ ಎಂದರೆ ಅಲ್ಲಿ ಫೀಡಿನ ವಿಳಾಸವೊಂದನ್ನು ಬರೆದಿಟ್ಟುಕೊಂಡು, ಹೊಸದೇನಾದರೂ ಬಂತೇ ಎಂದು ಆಗಾಗ ವಿಚಾರಿಸುವುದು, ಅಷ್ಟೇ. ವಿಚಾರಿಸುವುದಕ್ಕೂ ಮನೆಗೆ ಹೊತ್ತು ತರುವುದಕ್ಕೂ ಬೇರೆ ಬೇರೆ ಸ್ವಿಚ್ಚುಗಳಿವೆ. ತಮ್ಮನ್ನು ಒಂದು ಕಾರ್ಯಕ್ರಮಕ್ಕೆ ನೇಮಿಸಿ ಇನ್ನೊಂದರಿಂದ ಬಿಡುಗಡೆ ಮಾಡಬಹುದು. ಕೇಳಿ ಮುಗಿದದ್ದನ್ನು ಅಳಿಸುವ ಕೆಲಸವನ್ನೂ ತಮಗೇ ಒಪ್ಪಿಸಬಹುದು. ತರುವುದರಲ್ಲಿ ಇರುವ ಉತ್ಸಾಹ ಎಸೆಯುವುದರಲ್ಲಿ ತಮಗಿಲ್ಲ, ಹೇಳಿಯೇ ಮಾಡಿಸಬೇಕು.

ಆದ್ದರಿಂದ ತಮಗೆ ಈ ಮೂಲಕ ತಿಳಿಸುವುದೇನೆಂದರೆ: ಪ್ರತಿದಿನದ ಸುದ್ದಿಗೆ ಒಂದೇ ಸಂಚಿಕೆ, ನಿನ್ನೆಯದು ಬೇಡ. ನಿಜವಾಗಿ ಕೇಳುವ ಎರಡು ಮೂರು ಕಾರ್ಯಕ್ರಮಗಳಿಗೆ ತಮ್ಮ ಸೇವೆ ಮುಂದುವರಿಯಲಿ. ಉಳಿದ ಕಡೆ ತಮಗೆ ಕಡ್ಡಾಯ ರಜೆ, ಸಂಬಳ ಸಹಿತ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಚಂದಾದಾರ

ಪ್ರತಿ: ಸಮಸ್ತ ಚಂದಾದಾರರಿಗೆ, ಅಗತ್ಯ ಕ್ರಮಕ್ಕಾಗಿ. ಆಪುಗಳೂ ಶಾಶ್ವತವಲ್ಲ: ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಬಾಗಿಲು ಹಾಕಿತು. ಅದರಲ್ಲಿದ್ದ ತಮ್ಮ ಚಂದಾ ಪಟ್ಟಿಯನ್ನು ಓಪಿಎಂಎಲ್ ಫೈಲಾಗಿ ತೆಗೆದುಕೊಂಡವರು ಬೇರೆ ಆಪಿನಲ್ಲಿ ಅಷ್ಟೂ ಚಂದಾಗಳನ್ನು ಒಮ್ಮೆಗೇ ಸೇರಿಸಿಕೊಂಡರು. ನಿಮ್ಮ ಆಪಿನ ಸೆಟ್ಟಿಂಗ್ಸಿನಲ್ಲೂ ಎಕ್ಸ್‌ಪೋರ್ಟ್ ಎಂಬುದು ಇದೆಯೇ ನೋಡಿ, ಇದ್ದರೆ ಇವತ್ತೇ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.