ಬ್ರೇಕು ರಾಯರು

ಅಮೆರಿಕ ಸೇರಿದ ಕನ್ನಡಿಗರಿಗೆ ನಲವತ್ತೈದು ದಾಟಿದ ಮೇಲೆ ಏನಾದರೊಂದು ಹುಚ್ಚು ಹಿಡಿಯುತ್ತದೆ. ಕೆಲವರಿಗೆ ಮ್ಯಾರಥಾನ್, ಕೆಲವರಿಗೆ ಭಗವದ್ಗೀತೆ, ಟೆಕ್ಸಸ್‌ನಲ್ಲಿದ್ದರೆ ಬಂದೂಕು. ನಮ್ಮ ಡಲ್ಲಾಸ್ ರಾಯರಿಗೆ ಹಿಡಿದದ್ದು ಕೊನೆಯದು. ಮನುಷ್ಯ ಶುದ್ಧ ಸಸ್ಯಾಹಾರಿ. ಅಡುಗೆಮನೆಗೆ ಇರುವೆ ನುಗ್ಗಿದರೆ ಅರಿಶಿನದ ಗೆರೆ ಎಳೆದು ಬೇರೆ ದಾರಿ ತೋರಿಸುವವರು. ಇದುವರೆಗೆ ಅವರ ಗುಂಡಿಗೆ ಬಲಿಯಾದದ್ದು ಶೂಟಿಂಗ್ ರೇಂಜಿನ ಕಾಗದ ಮಾತ್ರ. ಆದರೆ ಆ ಬಡ ಕಾಗದದ ಮೇಲೆ ಅವರು ಪ್ರಯೋಗಿಸುವುದು ತ್ರೀ ಹಂಡ್ರೆಡ್ ವಿನ್‌ಚೆಸ್ಟರ್ ಮ್ಯಾಗ್ನಮ್, ಎಲ್ಕ್‌ನಂಥ ಭಾರಿ ಜಿಂಕೆಯನ್ನು ಕೆಡವುವ ತೋಟೆ.

ಈ ಪೈಕಿಯವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರುವುದಿಲ್ಲ. ಊಟಕ್ಕೆ ಕರೆದರೆ ಪಾಯಸ ಬರುವ ಹೊತ್ತಿಗೆ ಗಾಳಿಯ ವೇಗದ ಪಾಠ ಶುರು. ಇವನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಮಜಲ್ ಬ್ರೇಕು.

ಇದು ರೈಫಲ್ಲಿನ ಮೂತಿಗೆ ತಿರುಗಿಸಿ ಕೂರಿಸುವ, ಪಕ್ಕದಲ್ಲಿ ಕಿಂಡಿಗಳಿರುವ ಉಕ್ಕಿನ ಕೊಳವೆ. ಗುಂಡಿನ ಬೆನ್ನಿಗೆ ಬರುವ ಬಿಸಿ ಅನಿಲವನ್ನು ನೇರ ಹೋಗಲು ಬಿಡದೆ ಅಕ್ಕಪಕ್ಕಕ್ಕೂ ಒಂಚೂರು ಹಿಂದಕ್ಕೂ ತಿರುಗಿಸುತ್ತದೆ. ಆ ಒತ್ತಡಕ್ಕೆ ರೈಫಲ್ ಮುಂದಕ್ಕೆ ಎಳೆಸಿಕೊಂಡು, ಭುಜಕ್ಕೆ ಬೀಳುವ ಒದೆತ ಕಡಿಮೆಯಾಗುತ್ತದೆ. ಒದೆತ ಕಡಿಮೆಯಾಯಿತು, ಸರಿ. ಸದ್ದು ಎಲ್ಲಿಗೆ ಹೋಯಿತು? ಪಕ್ಕದ ಬೆಂಚಿಗೆ. ಪಕ್ಕದ ಬೆಂಚಿನಲ್ಲಿ ನಾನು.

140 ಡೆಸಿಬೆಲ್ ದಾಟಿದ ಸದ್ದು ಒಂದೇ ಏಟಿಗೆ ಕಿವಿ ಕೆಡಿಸಬಲ್ಲದು. ಈ ದರ್ಜೆಯ ರೈಫಲ್ ಬ್ರೇಕಿಲ್ಲದೆಯೇ 160 ಮೀರುತ್ತದೆ. ಮೇಲೆ ಬ್ರೇಕು, ಅದರ ಮೇಲೆ ರೇಂಜಿನ ತಗಡಿನ ಚಾವಣಿ. ರಾಯರು ಢಂ ಎನ್ನಿಸಿದರೆ ನನ್ನ ಟೋಪಿ ಅಲ್ಲಾಡುತ್ತಿತ್ತು, ಮೇಜಿನ ಧೂಳೆಲ್ಲ ಎದ್ದು ಕಾಫಿಗೆ ಬೀಳುತ್ತಿತ್ತು.

"ಭುಜಕ್ಕೆ ಗೊತ್ತೇ ಆಗಲ್ಲ ಕಣಯ್ಯಾ!" ಎಂದು ರಾಯರು ಬೀಗುತ್ತಿದ್ದರು.

"ನನ್ನ ಹಲ್ಲಿಗೆ ಗೊತ್ತಾಗತ್ತೆ ಸಾರ್."

"ಹಾಂ?"

ಕೇಳಿಸುವುದಾದರೂ ಹೇಗೆ? ಒಳಗೆ ಫೋಮಿನ ಪ್ಲಗ್ಗು, ಹೊರಗೆ ಇಯರ್‌ಮಫ್ಫು. ಎರಡೂ ಹಾಕಿದರೆ ರಕ್ಷಣೆಯನ್ನು ಕೂಡಿಸಿಕೊಳ್ಳಬಾರದು, ಒಂದಕ್ಕಿಂತ ಸುಮಾರು ಐದು ಡೆಸಿಬೆಲ್ ಹೆಚ್ಚು ಸಿಗುತ್ತದೆ ಅಷ್ಟೇ ಎಂದು ನನಗೆ ಕಲಿಸಿದವರೂ ಅವರೇ. ನಶ್ಯದ ಡಬ್ಬಿಯಲ್ಲಿ ಹೊಸ ಪ್ಲಗ್ಗುಗಳನ್ನು ತುಂಬಿಕೊಂಡು, ಬರಿಗಿವಿಯಲ್ಲಿ ನಿಂತ ಹುಡುಗರನ್ನು ಹಿಡಿದು ನಿಲ್ಲಿಸುತ್ತಾರೆ. ಹೂಬತ್ತಿ ಹೊಸೆದಂತೆ ಸಣ್ಣಗೆ ಹೊಸೆದು, ತಲೆಯ ಮೇಲಿಂದ ಇನ್ನೊಂದು ಕೈ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ, ಅದು ಉಬ್ಬುವವರೆಗೆ ಬೆರಳು ಒತ್ತಿ ಹಿಡಿಸುತ್ತಾರೆ. "ಹೊರಗೆ ಎದ್ದು ಕಾಣ್ತಿದ್ರೆ ಹಾಕಿದ್ದು ದಂಡ." ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ವಾಪಸು ಬರುವಾಗ ಅವರ ಮನೆಯವರ ಬಿಸಿಬೇಳೆಬಾತೂ ಇರುತ್ತದೆ. ನನ್ನ ಕ್ಷಮಾಗುಣದಲ್ಲಿ ಅದರ ಪಾಲು ದೊಡ್ಡದು.

ಈ ಕಾಳಜಿ ಅವರಿಗೆ ಬಂದದ್ದು ತಡವಾಗಿ. ಮೊದಮೊದಲು ಬರಿಗಿವಿಯಲ್ಲೇ ಹೊಡೆಯುತ್ತಿದ್ದರಂತೆ. ಬಲಭುಜಕ್ಕೆ ರೈಫಲ್ ಆನಿಸುವವರ ಎಡಗಿವಿ ಮೂತಿಯ ಕಡೆಗಿರುತ್ತದೆ, ಬಲಗಿವಿಗೆ ತಲೆಯೇ ಮರೆ. ಅವರ ಕಿವಿ ಪರೀಕ್ಷೆಯ ನಕ್ಷೆಯಲ್ಲಿ ಎಡಗಿವಿಯ ಗೆರೆ 4000 ಹರ್ಟ್ಸ್ ಹತ್ತಿರ ಗುಂಡಿಗೆ ಬಿದ್ದಿದೆ. ಒಳಗಿವಿಯ ಕೂದಲಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸ್ವರ ಕೇಳಿಸುತ್ತದೆ, ಸಕಾರ ಶಕಾರ ಜಾರಿಹೋಗುತ್ತವೆ. ಮೈಸೂರಿನಿಂದ ಅಕ್ಕ ಫೋನ್ ಮಾಡಿದರೆ ಬಲಗಿವಿಗೆ ಬದಲಾಯಿಸಿಕೊಂಡು, ಆಮೇಲೂ ಅರ್ಧಕ್ಕೆ "ಹೂಂ ಅಕ್ಕಯ್ಯ" ಎಂದುಬಿಡುತ್ತಾರೆ. ಹಾಗೆ ಹೂಂ ಎಂದೇ ಒಮ್ಮೆ ಸೋದರಳಿಯನ ಮದುವೆಯ ಛತ್ರದ ಖರ್ಚು ತಲೆಗೆ ಬಂತು.

ಸದ್ದು ತಗ್ಗಿಸುವ ಸಪ್ರೆಸರ್ ಹಾಕಿಸಬಾರದೇ ಎಂದರೆ ಮ್ಯಾಕ್ಸಿಮ್ ಕಥೆ ಹೇಳುತ್ತಿದ್ದರು: ಅಪ್ಪ ಹಿರಾಮ್ ಮೆಷಿನ್‌ಗನ್ ಕಂಡುಹಿಡಿದು ಕಿವುಡಾದ, ಮಗ ಸೈಲೆನ್ಸರ್ ಮಾಡಿ 1909ರಲ್ಲಿ ಪೇಟೆಂಟ್ ಪಡೆದ. ಕಥೆ ಚೆನ್ನ, ಆದರೆ ಅವರನ್ನು ತಡೆದದ್ದು 1934ರ ಕಾನೂನಿನ 200 ಡಾಲರ್ ತೆರಿಗೆ. ಸಾವಿರಾರು ಡಾಲರಿನ ದುರ್ಬೀನು ಕೊಂಡ ಕೈ ಆ ಇನ್ನೂರಕ್ಕೆ ಬಿಗಿಯಾಗಿತ್ತು. 2026ರ ಜನವರಿ 1ಕ್ಕೆ ತೆರಿಗೆ ಸೊನ್ನೆಯಾಯಿತು. ರಾಯರು ಅರ್ಜಿ ಹಾಕಿ, ಬ್ರೇಕು ಬಿಚ್ಚಿ, ಸಪ್ರೆಸರ್ ಕೂರಿಸಿದರು.

ಈಗ ಅವರ ಮಾತು ಪೂರ್ತಿ ಕೇಳಿಸುತ್ತದೆ. ಶಬ್ದಕ್ಕಿಂತ ವೇಗದ ಗುಂಡು ಹೊರಗೆ ಇನ್ನೂ ಚಟ್ಟೆನ್ನುವುದರಿಂದ ಪ್ಲಗ್ಗು ತೆಗೆಯಬಾರದಂತೆ. ನಾನು ತೆಗೆಯುವುದಿಲ್ಲ. ಗುಂಡು ಮುಗಿದ ಮೇಲೂ.