ಬೀಗರು ಬರುತ್ತಿದ್ದಾರೆ, ಜಾಕೆಟ್ ತರಲಿ

ಬರುವ ಶುಕ್ರವಾರದಿಂದ ಭಾನುವಾರದವರೆಗೆ ಸ್ಯಾನ್ ಫ್ರಾನ್ಸಿಸ್ಕೋದ ಒರಾಕಲ್ ಪಾರ್ಕಿನಲ್ಲಿ ಜೈಂಟ್ಸ್ ಮತ್ತು ಡಾಡ್ಜರ್ಸ್ ನಡುವೆ ಮೂರು ಪಂದ್ಯ. ಲೆಕ್ಕ ಹಾಕಿದರೆ ಏನೂ ಅಲ್ಲ. ಬೇಸ್‌ಬಾಲ್ ತಂಡವೊಂದು ವರ್ಷಕ್ಕೆ 162 ಪಂದ್ಯ ಆಡುತ್ತದೆ, ಅದರಲ್ಲಿ ಇವರಿಬ್ಬರು ಎದುರಾಗುವುದು 13 ಸಲ. ಮೂರಕ್ಕೆ ಮೂರೂ ಸೋತರೂ ಸೋಮವಾರ ಬೆಳಿಗ್ಗೆ ಕಾಫಿ ಸಿಗುತ್ತದೆ, ಕ್ಯಾಲ್‌ಟ್ರೇನ್ ಓಡುತ್ತದೆ. ಈ ವಿವೇಕವನ್ನು ನಮ್ಮ ಭಾವನ ಮುಂದೆ ಒಮ್ಮೆ ಹೇಳಿ ನೋಡಿ.

ನಮ್ಮ ಅಕ್ಕನನ್ನು ಕೊಟ್ಟಿರುವುದು ಲಾಸ್ ಏಂಜಲಿಸ್ ಕಡೆಯ ಅರ್ವೈನ್‌ಗೆ. ಜಾತಕ, ಗೋತ್ರ, ಕಂಪನಿ, ವೀಸಾ, ಹುಡುಗನ ಅಣ್ಣನ ಸಂಬಳ, ಎಲ್ಲವನ್ನೂ ವಿಚಾರಿಸಿದ ನಮ್ಮಪ್ಪ ಹುಡುಗ ಯಾವ ಬೇಸ್‌ಬಾಲ್ ತಂಡದವನು ಎಂದು ಕೇಳಲಿಲ್ಲ. ಕೇಳಿದ್ದರೂ ಪ್ರಯೋಜನ ಇರಲಿಲ್ಲ ಅನ್ನಿ. ಆಗ ಭಾವ ಏಂಜಲ್ಸ್ ಕಡೆಯವರು. ಅರ್ವೈನ್‌ಗೆ ಹತ್ತಿರ ಅನಹೈಮ್, ಅಲ್ಲಿ ಏಂಜಲ್ಸ್, ಅವರಲ್ಲಿ ಶೋಹೇ ಒತಾನಿ ಎಂಬ ತಾರೆ. 2023ರ ಡಿಸೆಂಬರಿನಲ್ಲಿ ಒತಾನಿ ಡಾಡ್ಜರ್ಸ್ ಸೇರಿದ, ಭಾವನೂ ಸೇರಿದರು. ಒತಾನಿಗೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಒಪ್ಪಂದ ಆಯಿತು. ಭಾವನಿಗೆ ಒಂದು ನೀಲಿ ಟೋಪಿ.

ಆ ಒಪ್ಪಂದ ಇನ್ನೊಂದು ಮಜಾ. 70 ಕೋಟಿಯಲ್ಲಿ 68 ಕೋಟಿ ಈಗ ಕೊಡುವುದಿಲ್ಲವಂತೆ, ಆಮೇಲಂತೆ! ಈಗ ವರ್ಷಕ್ಕೆ 20 ಲಕ್ಷ ಡಾಲರ್, ಉಳಿದದ್ದು 2034ರಿಂದ. ನಮ್ಮ ಊರಿನ ಶೆಟ್ಟರ ಅಂಗಡಿಯಲ್ಲಿ ಇಷ್ಟು ದೊಡ್ಡ ಉದ್ರಿ ಹೇಳಿದ್ದರೆ ಅಕ್ಕಿ ಚೀಲದ ಮೇಲೆ ಕೂರಿಸಿ ಪೊಲೀಸರನ್ನು ಕರೆಯುತ್ತಿದ್ದರು. ಡಾಡ್ಜರ್ಸ್ ಹಾಗೆ ಉಳಿಸಿದ ದುಡ್ಡಲ್ಲಿ 32.5 ಕೋಟಿ ಕೊಟ್ಟು ಯೋಶಿನೋಬು ಯಮಾಮೊಟೊ ಎಂಬ ಪಿಚ್ಚರ್‌ನನ್ನೂ ತಂದರು. 2024ರಲ್ಲಿ ವರ್ಲ್ಡ್ ಸೀರೀಸ್ ಗೆದ್ದರು, 2025ರಲ್ಲಿ ಮತ್ತೆ ಗೆದ್ದರು. ಒತಾನಿಗೂ ಯಮಾಮೊಟೊಗೂ ನಮ್ಮ ಜೈಂಟ್ಸ್ ಕೂಡ ಕೈಚಾಚಿತ್ತು. ಹುಡುಗರು ಒಪ್ಪಲಿಲ್ಲ, ಏನು ಮಾಡೋಣ.

"ಏನಯ್ಯಾ, ನಿಮ್ಮ ಹುಡುಗರು ಹೋದ ವರ್ಷ ಎಷ್ಟು ಗೆದ್ದರು?" ಎಂದು ಭಾವ ಕೇಳುವುದು ಉತ್ತರ ಗೊತ್ತಿಲ್ಲದೆ ಅಲ್ಲ. 2025ರಲ್ಲಿ ಜೈಂಟ್ಸ್ 81 ಗೆದ್ದು 81 ಸೋತಿತು. 2022ರಲ್ಲೂ ಅಷ್ಟೇ, 81 ಮತ್ತು 81. ನಡುವಿನ ಎರಡು ವರ್ಷ 79, 80. ಇಷ್ಟು ನಿಯತ್ತಾಗಿ ಅರ್ಧ ಗೆಲ್ಲುವುದು ಸುಲಭದ ಕೆಲಸವಲ್ಲ. ಯಾರಿಗೂ ನೋವಾಗಬಾರದು ಎಂಬ ಮಧ್ಯಮ ವರ್ಗದ ಸಂಸ್ಕಾರ ಬೇಕು ಅದಕ್ಕೆ.

"ಭಾವ, ಆರ್‌ಸಿಬಿ ಕಪ್ಪಿಗೆ ನೀವು ಹದಿನೆಂಟು ಸೀಸನ್ ಕಾದಿರಿ. ಇಲ್ಲಿ ಮಾತ್ರ ರೆಡಿಮೇಡ್ ಕಪ್ ನೋಡಿ ತಂಡ ಆರಿಸಿಕೊಂಡಿರಿ" ಅಂದೆ. ಆ ಕಡೆಯಿಂದ ಫೋನಿನಲ್ಲಿ ಅಕ್ಕನ ನಗು ಕೇಳಿಸಿತು. ಭಾವನದು ಕೇಳಿಸಲಿಲ್ಲ.

ಈ ಜಗಳ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದಲ್ಲ, ಇಲ್ಲಿಗೆ ವಲಸೆ ಬಂದದ್ದು. ಅದೂ ನಮ್ಮ ಹಾಗೇ, ಒಳ್ಳೆಯ ಜಾಗ ಹುಡುಕಿಕೊಂಡು. ಜೈಂಟ್ಸ್ ಇದ್ದದ್ದು ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ, ಡಾಡ್ಜರ್ಸ್ ಇದ್ದದ್ದು ಹೊಳೆಯಾಚೆ ಬ್ರೂಕ್ಲಿನ್‌ನಲ್ಲಿ. ಡಾಡ್ಜರ್ಸ್ ಮಾಲೀಕ ವಾಲ್ಟರ್ ಓಮ್ಯಾಲಿ ಲಾಸ್ ಏಂಜಲಿಸ್ ಕಡೆ ಕಣ್ಣು ಹಾಕಿದ್ದ. ಜೈಂಟ್ಸ್ ಮಾಲೀಕ ಹೊರೇಸ್ ಸ್ಟೋನ್‌ಹ್ಯಾಮ್ ಮಿನಿಯಾಪೊಲಿಸ್‌ಗೆ ಗಂಟುಮೂಟೆ ಕಟ್ಟುವ ಯೋಚನೆಯಲ್ಲಿದ್ದ. ಓಮ್ಯಾಲಿ ಅವನನ್ನು ಹಿಡಿದು, ಅಲ್ಲಿಗೇಕೆ, ಸ್ಯಾನ್ ಫ್ರಾನ್ಸಿಸ್ಕೋಗೆ ಬಾ ಎಂದು ಒಪ್ಪಿಸಿದ. ಪಶ್ಚಿಮದಲ್ಲಿ ಒಂದೇ ತಂಡವಿದ್ದರೆ ಉಳಿದವರು ಅಷ್ಟು ದೂರ ವಿಮಾನ ಹತ್ತಲು ಗೊಣಗುತ್ತಾರೆ ಎಂಬ ಲೆಕ್ಕವೂ ಇತ್ತು, ಹಳೆಯ ಜಗಳ ಗಲ್ಲಾಪೆಟ್ಟಿಗೆ ತುಂಬಿಸುತ್ತದೆ ಎಂಬ ಲೆಕ್ಕವೂ ಇತ್ತು. ಅಂದರೆ ಊರು ಬಿಡುವಾಗ ಡಾಡ್ಜರ್ಸ್ ತನ್ನ ಶತ್ರುವನ್ನೂ ಕೈಹಿಡಿದು ಕರೆತಂದಿತು. 1958ರ ಏಪ್ರಿಲ್ 15ರಂದು ಹೊಸ ಊರಿನಲ್ಲಿ ಮೊದಲ ಪಂದ್ಯ. ಕರೆದವನ ಮೇಲೆ ನಾವು 8-0ಯಿಂದ ಗೆದ್ದೆವು. ಉಪಕಾರ ಸ್ಮರಣೆ ನಮ್ಮಲ್ಲಿ ಕಡಿಮೆ.

ಅದಕ್ಕೂ ಏಳು ವರ್ಷ ಮುಂಚಿನ ಕಥೆ ಹೇಳಲು ನನಗೆ ಖುಷಿ, ಪೂರ್ತಿ ಹೇಳಲು ಸಂಕೋಚ. 1951ರ ಆಗಸ್ಟ್ ನಡುವೆ ಜೈಂಟ್ಸ್ ಡಾಡ್ಜರ್ಸ್‌ಗಿಂತ ಹದಿಮೂರೂವರೆ ಪಂದ್ಯ ಹಿಂದಿತ್ತು. ಅಲ್ಲಿಂದ ಎದ್ದು ಬಂದು ಸರಿಸಮ ನಿಂತಿತು, ಪಟ್ಟ ಯಾರಿಗೆ ಎಂದು ತೀರ್ಮಾನಿಸಲು ಮೂರು ಪಂದ್ಯ ಇಟ್ಟರು. ಮೂರನೆಯದರ ಕೊನೇ ಇನ್ನಿಂಗ್ಸಿನಲ್ಲಿ 4-2 ಹಿಂದಿದ್ದಾಗ ರಾಲ್ಫ್ ಬ್ರಾಂಕಾ ಎಸೆದ ಚೆಂಡನ್ನು ಬಾಬಿ ಥಾಮ್ಸನ್ ಹೋಂ ರನ್ ಬಾರಿಸಿ 5-4 ಮಾಡಿದ. ಇಲ್ಲಿಗೆ ಕಥೆ ನಿಲ್ಲಿಸಿದರೆ ಚೆನ್ನ. ಆದರೆ 2001ರಲ್ಲಿ ಜೋಶುವಾ ಪ್ರೇಗರ್ ಎಂಬ ಪತ್ರಕರ್ತ ಮುಂದಿನ ಭಾಗ ಬರೆದ. ಮೈದಾನದ ಆ ತುದಿಯಲ್ಲಿದ್ದ ಕೋಣೆಯಲ್ಲಿ ಜೈಂಟ್ಸ್‌ನವರು ದೂರದರ್ಶಕ ಇಟ್ಟುಕೊಂಡು ಎದುರಾಳಿ ಕ್ಯಾಚರ್‌ನ ಬೆರಳ ಸನ್ನೆ ನೋಡುತ್ತಿದ್ದರಂತೆ, ಬಜರ್ ಒತ್ತಿ ಬ್ಯಾಟರ್‌ಗೆ ಸುದ್ದಿ ಮುಟ್ಟಿಸುತ್ತಿದ್ದರಂತೆ. ಆ ಒಂದು ಎಸೆತಕ್ಕೆ ತಾನು ಸನ್ನೆ ಪಡೆದಿರಲಿಲ್ಲ ಎಂದು ಥಾಮ್ಸನ್ ಹೇಳಿಕೊಂಡ. ನಾನು ನಂಬುತ್ತೇನೆ. ಭಾವ ನಂಬುವುದಿಲ್ಲ. ಥಾಮ್ಸನ್ ಮತ್ತು ಬ್ರಾಂಕಾ ಮಾತ್ರ ಮುದುಕರಾದ ಮೇಲೆ ಜೊತೆಜೊತೆಗೇ ಓಡಾಡಿ ಹಸ್ತಾಕ್ಷರ ಹಾಕಿ ದುಡ್ಡು ಮಾಡಿದರು.

ನನಗೆ ಎಲ್ಲರಿಗಿಂತ ಪ್ರೀತಿ ಮ್ಯಾಟಿ ಶ್ವಾಬ್ ಮೇಲೆ. ಆತ ಆಟಗಾರನಲ್ಲ, ಮೈದಾನಕ್ಕೆ ನೀರು ಬಿಡುವವನು. ಮೊದಲು ಡಾಡ್ಜರ್ಸ್ ಮೈದಾನದಲ್ಲೇ ಕೆಲಸಕ್ಕಿದ್ದ. ಸ್ಟೋನ್‌ಹ್ಯಾಮ್ ಅವನನ್ನು ಎಳೆದುಕೊಂಡದ್ದು ಹೇಗೆ ಗೊತ್ತೆ? ಸ್ಟೇಡಿಯಂ ಗ್ಯಾಲರಿಯ ಕೆಳಗೇ ಸಂಸಾರ ಹೂಡಲು ಮನೆ ಕಟ್ಟಿಕೊಟ್ಟು! 1962ಕ್ಕೆ ಬನ್ನಿ. ಡಾಡ್ಜರ್ಸ್‌ನಲ್ಲಿ ಮೌರಿ ವಿಲ್ಸ್ ಎಂಬ ಮಿಂಚು. ಪಿಚ್ಚರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದಿನ ಬೇಸ್‌ಗೆ ಹಾರುವವನು, ಆ ವರ್ಷ ಹಾಗೆ 104 ಬೇಸ್ ಕದ್ದವನು. ಆಗಸ್ಟ್‌ನಲ್ಲಿ ಡಾಡ್ಜರ್ಸ್ ನಮ್ಮ ಆಗಿನ ಮೈದಾನ ಕ್ಯಾಂಡಲ್‌ಸ್ಟಿಕ್ ಪಾರ್ಕಿಗೆ ಬರುವ ಹೊತ್ತಿಗೆ ನಮ್ಮ ಮ್ಯಾನೇಜರ್ ಆಲ್ವಿನ್ ಡಾರ್ಕ್ ಮತ್ತು ಶ್ವಾಬ್ ಸೇರಿ ಮೊದಲನೇ ಬೇಸ್ ಬಳಿಯ ಮಣ್ಣನ್ನೇ ಅಗೆದು ಮರಳು ತುಂಬಿಸಿ ನೀರು ಬಿಟ್ಟಿದ್ದರು. ಓಡುವವನ ಕಾಲು ಹೂತುಕೊಳ್ಳಬೇಕು, ಅಷ್ಟೇ. ಅಂಪೈರ್ ಬಂದು ಇದೇನು, ತೆಗೆಯಿರಿ ಅಂದ. ಮಹರಾಯ ತೆಗೆದ ಹಾಗೆ ಮಾಡಿ ಮತ್ತೆ ತಂದು ಸುರಿದ. ಮೂರಕ್ಕೆ ಮೂರೂ ನಾವೇ ಗೆದ್ದೆವು. ವರ್ಷದ ಕೊನೆಗೆ ವರ್ಲ್ಡ್ ಸೀರೀಸ್ ದುಡ್ಡು ಹಂಚುವಾಗ ಆಟಗಾರರು ಶ್ವಾಬ್‌ಗೂ ಪೂರ್ತಿ ಒಂದು ಪಾಲು ಕೊಟ್ಟರು. ಗದ್ದೆಗೆ ನೀರು ಬಿಟ್ಟವನಿಗೆ ಫಸಲಿನಲ್ಲಿ ಪಾಲು, ನ್ಯಾಯವೇ.

1965ರದ್ದು ನಗುವ ಕಥೆಯಲ್ಲ. ಆಗಸ್ಟ್ 22ರಂದು ನಮ್ಮ ಹ್ವಾನ್ ಮರಿಶಾಲ್ ಬ್ಯಾಟಿನಿಂದಲೇ ಡಾಡ್ಜರ್ಸ್ ಕ್ಯಾಚರ್ ಜಾನ್ ರೋಸ್‌ಬೊರೋ ತಲೆಗೆ ಹೊಡೆದ. ಆಮೇಲೆ ಇಬ್ಬರೂ ಗೆಳೆಯರಾದರು ಎಂಬುದರಿಂದ ಆ ಏಟು ಹಗುರವಾಗುವುದಿಲ್ಲ. ಭಾವ ಇದನ್ನು ಎತ್ತಿದಾಗ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಇಡೀ ಜಗಳದಲ್ಲಿ ನಾನು ಬಾಯಿ ಮುಚ್ಚುವುದು ಇದೊಂದಕ್ಕೇ.

ಅಕ್ಟೋಬರ್ 3 ಅಂದರೆ ಈ ಎರಡು ಮನೆಗಳಿಗೂ ಏನೋ ದೋಷ. ಥಾಮ್ಸನ್ ಹೋಂ ರನ್ ಆ ದಿನವೇ. 1962ರಲ್ಲಿ ಪಟ್ಟದ ಕೊನೆಯ ಪಂದ್ಯವನ್ನು ನಾವು ಗೆದ್ದದ್ದೂ ಆ ದಿನವೇ. 1982ರಲ್ಲಿ ಡಾಡ್ಜರ್ಸ್ ನಮ್ಮನ್ನು ಸೋಲಿಸಿ ಮನೆಗೆ ಕಳಿಸಿದ ಮರುದಿನ, ಕಳೆದುಕೊಳ್ಳಲು ಇನ್ನೇನೂ ಇಲ್ಲದ ನಾವು ಜೋ ಮಾರ್ಗನ್‌ನ ಹೋಂ ರನ್ನಿನಿಂದ ಅವರನ್ನೂ ಮನೆಗೆ ಕಳಿಸಿದೆವು. ಆ ಮರುದಿನವೂ ಅಕ್ಟೋಬರ್ 3. 1993ರಲ್ಲಿ 103 ಪಂದ್ಯ ಗೆದ್ದು ಕೂತಿದ್ದ ನಮ್ಮನ್ನು ಅದೇ ತಾರೀಖು ಡಾಡ್ಜರ್ಸ್ 12-1ಯಿಂದ ಮಲಗಿಸಿದರು, ಅಷ್ಟು ಗೆದ್ದೂ ನಮಗೆ ಮುಂದಿನ ಸುತ್ತು ಸಿಗಲಿಲ್ಲ. ಈ ಕೊನೆಯ ಎರಡು ಸಲವೂ ಪಟ್ಟ ಹೊತ್ತುಕೊಂಡು ಹೋದವರು ಅಟ್ಲಾಂಟಾದವರು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂದು ಅಜ್ಜಿ ಹೇಳುತ್ತಿದ್ದದ್ದು ಅಟ್ಲಾಂಟಾ ಬಗ್ಗೆ ಎಂದು ನನಗೆ ಆಗ ತಿಳಿದಿರಲಿಲ್ಲ.

2021 ಬಗ್ಗೆ ಮಾತೇ ಬೇಡ ಅಂದುಕೊಂಡಿದ್ದೆ. ನಾವು 107 ಗೆದ್ದೆವು, ಅವರು 106. ಎರಡು ತಂಡಗಳೂ ಪ್ಲೇ-ಆಫ್‌ನಲ್ಲಿ ಎದುರಾದದ್ದು ಅದೇ ಮೊದಲು. ಐದನೇ ಪಂದ್ಯ, ಕೊನೇ ಇನ್ನಿಂಗ್ಸ್, 2-1 ಹಿಂದೆ, ಎರಡು ಔಟ್. ಮ್ಯಾಕ್ಸ್ ಶೆರ್ಜರ್ ಎಸೆದ ಚೆಂಡಿಗೆ ವಿಲ್ಮರ್ ಫ್ಲೋರೆಸ್ ಬ್ಯಾಟು ಬೀಸಲು ಹೋಗಿ ತಡೆದ. ತಡೆದ ಎಂದು ನಾನು ಹೇಳುತ್ತೇನೆ. ಬೀಸಿದ ಎಂದು ಮೊದಲ ಬೇಸ್ ಅಂಪೈರ್ ಹೇಳಿದ, ವರ್ಷ ಅಲ್ಲಿಗೆ ಮುಗಿಯಿತು. ಆ ದೃಶ್ಯವನ್ನು ನಿಲ್ಲಿಸಿ, ಹಿಂದೆ ಸರಿಸಿ, ಮುಂದೆ ಸರಿಸಿ ನಮ್ಮ ಮನೆಯಲ್ಲಿ ನೋಡಿದಷ್ಟು ಸಲ ನನ್ನ ಮದುವೆ ವಿಡಿಯೊ ನೋಡಿಲ್ಲ. ಹೆಂಡತಿ ಈ ಮಾತನ್ನು ಇನ್ನೂ ಮರೆತಿಲ್ಲ.

ಇನ್ನು ಬರುವ ಮೂರು ದಿನದ ಮಾತು. ಒರಾಕಲ್ ಪಾರ್ಕಿನ ಬಲಗಡೆ ಗೋಡೆ ಆಚೆ ಕೊಲ್ಲಿಯ ನೀರು. ಗೋಡೆ 309 ಅಡಿ ದೂರದಲ್ಲಷ್ಟೇ ಇದೆ, ಆದರೆ 24 ಅಡಿ ಎತ್ತರ. 24 ನಮ್ಮ ವಿಲ್ಲಿ ಮೇಸ್‌ನ ಅಂಗಿಯ ಸಂಖ್ಯೆ. ಚೆಂಡು ನೀರಿಗೆ ಬಿದ್ದರೆ ಹಿಡಿಯಲು ಕಯಾಕ್ ದೋಣಿಗಳಲ್ಲಿ ಜನ ಕಾಯುತ್ತಿರುತ್ತಾರೆ. 2019ರ ಜೂನ್ 9ರಂದು ಡಾಡ್ಜರ್ಸ್‌ನ ಮ್ಯಾಕ್ಸ್ ಮನ್ಸಿ ಅಲ್ಲಿಗೇ ಬಾರಿಸಿ, ಚೆಂಡು ಹೋಗುವ ಅಂದ ನೋಡುತ್ತಾ ನಿಂತ. ನೋಡಬೇಡ, ಓಡು ಎಂದು ನಮ್ಮ ಪಿಚ್ಚರ್ ಮ್ಯಾಡಿಸನ್ ಬಮ್‌ಗಾರ್ನರ್ ಗದರಿದ. ನಾನು ನೋಡುವುದು ಬೇಡವಾದರೆ ಹೋಗಿ ಸಮುದ್ರದಿಂದ ಎತ್ತಿಕೊಂಡು ಬಾ ಎಂಬರ್ಥದಲ್ಲಿ ಮನ್ಸಿ ತಿರುಗಿ ಕೊಟ್ಟ. ಆ ಮಾತು ಟೀ ಶರ್ಟ್ ಮೇಲೆ ಅಚ್ಚಾಯಿತು. ಪಂದ್ಯ 1-0 ಅವರದಾಯಿತು. ಆ ಟೀ ಶರ್ಟ್ ಭಾವನ ಬಳಿ ಇದೆ. ಹೋದ ಸಲ ನಮ್ಮ ಮನೆಗೆ ಅದನ್ನೇ ತೊಟ್ಟು ಬಂದಿದ್ದರು, ಅದೂ ಗೌರಿ ಹಬ್ಬಕ್ಕೆ, ಬಾಗಿನ ಹಿಡಿದು ಹೊರಡುವ ಅಕ್ಕನ ಪಕ್ಕ.

ಈ ಸಲ ಟೀ ಶರ್ಟ್ ಸಾಲದು ಭಾವ, ಜಾಕೆಟ್ ತನ್ನಿ. ಲಾಸ್ ಏಂಜಲಿಸ್‌ನವರು ಬೇಸಿಗೆ ಎಂದರೆ ಎಲ್ಲ ಕಡೆಯೂ ಬೇಸಿಗೆ ಎಂದು ತಿಳಿಯುತ್ತಾರೆ. ಆರನೇ ಇನ್ನಿಂಗ್ಸಿಗೆ ಕೊಲ್ಲಿಯ ಗಾಳಿ ಬೀಸಿದಾಗ ಅವರು ಮೈದಾನದ ಅಂಗಡಿಯಲ್ಲಿ ಸಾಲುಗಟ್ಟಿ ದುಬಾರಿ ಸ್ವೆಟರ್ ಕೊಳ್ಳುತ್ತಾರೆ. ಅಲ್ಲಿ ಸಿಗುವುದು ಜೈಂಟ್ಸ್ ಸ್ವೆಟರ್. 70 ಕೋಟಿ ಸುರಿದ ತಂಡದ ಅಭಿಮಾನಿಗಳು ಚಳಿಗೆ ಬಗ್ಗಿ ನಮ್ಮ ಕಿತ್ತಳೆ ಬಣ್ಣ ತೊಡುವುದನ್ನು ನೋಡಲೆಂದೇ ನಾನು ಟಿಕೆಟ್ ಕೊಳ್ಳುತ್ತೇನೆ. ಮೂರನೇ ಇನ್ನಿಂಗ್ಸಿಗೆ ಬಂದು ಏಳನೆಯದಕ್ಕೆ ಹೊರಡುವ ನಿಮ್ಮೂರ ಅಭ್ಯಾಸ ಇಲ್ಲಿ ನಡೆಯದು. ಗಾರ್ಲಿಕ್ ಫ್ರೈಸ್ ಸಾಲೇ ಎರಡು ಇನ್ನಿಂಗ್ಸ್ ನುಂಗುತ್ತದೆ. ತಿಂದ ಮೇಲೆ ಕ್ಯಾಲ್‌ಟ್ರೇನ್ ಬೋಗಿಯಲ್ಲಿ ನಮಗೆ ಕೂರಲು ತುಂಬ ಜಾಗ ಸಿಗುತ್ತದೆ.

ನಮ್ಮವರು ಕೂಗುವ 'ಬೀಟ್ ಎಲ್ಎ' ಕೂಡ ನಮ್ಮದಲ್ಲ, ನಿಜ ಹೇಳಿಬಿಡುತ್ತೇನೆ. 1982ರಲ್ಲಿ ಬಾಸ್ಟನ್‌ನ ಬಾಸ್ಕೆಟ್‌ಬಾಲ್ ಪ್ರೇಕ್ಷಕರು ತಮ್ಮ ತಂಡ ಫಿಲಡೆಲ್ಫಿಯಾಗೆ ಸೋತಾಗ, ಗೆದ್ದವರಿಗೇ ಹಾಗೆ ಕೂಗಿ ಹರಸಿದ್ದರು. ಮುಂದಿನ ಎದುರಾಳಿ ಲೇಕರ್ಸ್, ಅದಕ್ಕೆ. ಸೋಲಿನ ನಡುವೆಯೂ ಲಾಸ್ ಏಂಜಲಿಸ್ ನೆನಪಾಗುವುದು ನಮಗೊಬ್ಬರಿಗೇ ಅಲ್ಲ ನೋಡಿ.

ಅವರಲ್ಲೂ ಒಬ್ಬರಿಗೆ ಮಾತ್ರ ನಾವು ಟೋಪಿ ತೆಗೆದಿದ್ದೇವೆ, ವಿನ್ ಸ್ಕಲ್ಲಿಗೆ. ಡಾಡ್ಜರ್ಸ್ ಪಂದ್ಯಗಳಿಗೆ 1950ರಿಂದ 67 ಸೀಸನ್ ವೀಕ್ಷಕ ವಿವರಣೆ ಕೊಟ್ಟವರು. 2016ರ ಅಕ್ಟೋಬರ್ 2ರಂದು ಅವರ ಕಟ್ಟಕಡೆಯ ಪಂದ್ಯ ನಡೆದದ್ದು ನಮ್ಮ ಮೈದಾನದಲ್ಲಿ, ನಾವು 7-1 ಗೆದ್ದೆವು. ಆ ಮನುಷ್ಯ ನ್ಯೂಯಾರ್ಕಿನಲ್ಲಿ ಹುಡುಗನಾಗಿದ್ದಾಗ ಜೈಂಟ್ಸ್ ಅಭಿಮಾನಿ! ಸಂಬಳ ಕೊಟ್ಟರೆ ಮಾತ್ರ ಬುದ್ಧಿವಂತರು ಆ ಕಡೆ ಹೋಗುತ್ತಾರೆ ಎಂದು ನಾನು ಹೇಳುವುದು ಇದಕ್ಕೇ. ಭಾವನಿಗೆ ಅದೂ ಇಲ್ಲ.

ನಮ್ಮ ಕಡೆ ಈಗ ಮ್ಯಾನೇಜರ್ ಟೋನಿ ವಿಟೆಲ್ಲೊ. ಕಾಲೇಜು ತಂಡದಿಂದ ನೇರ ಇಲ್ಲಿಗೆ ಬಂದ ಮೇಷ್ಟ್ರು. ವೃತ್ತಿಪರ ತಂಡದಲ್ಲಿ ಒಂದು ದಿನದ ಅನುಭವವೂ ಇರಲಿಲ್ಲ, ಆದರೆ 2024ರಲ್ಲಿ ಟೆನೆಸ್ಸೀ ಹುಡುಗರಿಗೆ ಕಾಲೇಜು ಪ್ರಶಸ್ತಿ ಗೆಲ್ಲಿಸಿಕೊಟ್ಟವರು. ಒತಾನಿಗೆ ಇಂಪೊಸಿಷನ್ ಬರೆಸಲಾಗದು, ಅದೊಂದು ಕಷ್ಟ. ನಮ್ಮ ಪಿಚ್ಚರ್ ಲೋಗನ್ ವೆಬ್ ಸರದಿ ಈ ಮೂರರಲ್ಲಿ ಬಿದ್ದರೆ ಆ ದಿನ ನಮ್ಮದು. ರಾಕ್ಲಿನ್‌ನ ಹುಡುಗ, ಈ ಸೀಮೆಯವನೇ, ಗಾಳಿ ಯಾವ ಕಡೆಯದು ಎಂದು ಅವನಿಗೆ ಹೇಳಿಕೊಡಬೇಕಿಲ್ಲ. ರಫೆಲ್ ಡೆವರ್ಸ್ ಒಂದು ದಿನ ನೀರಿಗೆ ಬಾರಿಸುತ್ತಾನೆ, ಆಗ ನಾನು ಭಾವನಿಗೆ ಒಂದು ಹುಟ್ಟು ತೆಗೆದುಕೊಡುತ್ತೇನೆ, ಎತ್ತಿಕೊಂಡು ಬರಲಿ. ಮೂರರಲ್ಲಿ ಎರಡು ನಮಗೆ. ಮೂರನೆಯದು ಒತಾನಿಯೇ ಎಸೆದು ಒತಾನಿಯೇ ಬಾರಿಸುವ ದಿನ. ಅದನ್ನು ಅಕ್ಕನ ಮುಖ ನೋಡಿ ಬಿಟ್ಟುಕೊಟ್ಟೆವು ಎಂದು ಬರೆದುಕೊಳ್ಳಿ.